ದಯವಿಟ್ಟು ನಮ್ಮನ್ನು ಎಬ್ಬಿಸಿ: ಸಭಾಪಾಲಕರಿಗೆ ಮೂರನೇ ಬೆಂಚಿನಿಂದ ಒಂದು ಪತ್ರ

ಪ್ರತಿ ಭಾನುವಾರ ನಮ್ಮ ಮುಂದೆ ನಿಂತು ದೇವರ ವಾಕ್ಯ ಹೇಳುವ ಎಲ್ಲ ಸಭಾಪಾಲಕರಿಗೆ, ಬೋಧಕರಿಗೆ,

ಕ್ರಿಸ್ತನಲ್ಲಿ ವಂದನೆಗಳು.

ನಾನು ನಿಮಗೆ ಗೊತ್ತಿರುವವನೇ. ಹೆಸರು ನೆನಪಿಗೆ ಬರದಿದ್ದರೂ ಮುಖ ಗೊತ್ತಿರುತ್ತದೆ. ಮುಂದಿನಿಂದ ಮೂರನೇ ಬೆಂಚು, ಗೋಡೆ ಕಡೆಯ ಮೂಲೆ. ಆರಾಧನೆಗೆ ಹತ್ತು ನಿಮಿಷ ಮೊದಲೇ ಬಂದು ಕೂತಿರುತ್ತೇನೆ. ಹಾಡುಗಳು ಪುಸ್ತಕ ನೋಡದೆ ಬರುತ್ತವೆ. ನೀವು ಅಧ್ಯಾಯ ಹೇಳಿ ಮುಗಿಸುವ ಮೊದಲೇ ನನ್ನ ಬೆರಳು ಆ ಪುಟದಲ್ಲಿರುತ್ತದೆ. ಆಮೆನ್ ಅನ್ನಬೇಕಾದಲ್ಲಿ ಆಮೆನ್ ಅನ್ನುತ್ತೇನೆ. ಕಾಣಿಕೆ ಚೀಲ ಬಂದಾಗ ಕೈ ಖಾಲಿ ಇರುವುದಿಲ್ಲ. ಸಭೆಯ ಕಮಿಟಿಯಲ್ಲಿ ಹನ್ನೆರಡು ವರ್ಷ ಇದ್ದೆ. ನಿಮಗೆ ಯಾವ ತಲೆನೋವನ್ನೂ ಕೊಡದ ಮನುಷ್ಯ ನಾನು.

ನೀವು ಜಾಸ್ತಿ ಚಿಂತೆ ಮಾಡಬೇಕಾಗಿದ್ದು ನನ್ನಂಥವರ ಬಗ್ಗೆಯೇ.

ಸಭೆ ಬಿಟ್ಟು ಹೋದವರ ಹೆಸರು ಹಿಡಿದು ನೀವು ಪ್ರಾರ್ಥನೆ ಮಾಡುತ್ತೀರಿ. ಎರಡು ತಿಂಗಳು ಕಾಣದವರಿಗೆ ಫೋನ್ ಮಾಡುತ್ತೀರಿ. ಕುಡಿತಕ್ಕೆ ಬಿದ್ದವನ ಮನೆ ಬಾಗಿಲು ತಟ್ಟುತ್ತೀರಿ. ಮಾಡಬೇಕಾದ ಕೆಲಸವೇ. ಆದರೆ ತಪ್ಪದೆ ಬರುವವರ ಮನೆಗೆ ಹೋಗಿ "ನಿಮ್ಮ ಆತ್ಮ ಹೇಗಿದೆ?" ಎಂದು ಯಾರೂ ಕೇಳುವುದಿಲ್ಲ. ಲೂಕನ 15ನೇ ಅಧ್ಯಾಯವನ್ನು ನಾವೆಲ್ಲ ತಪ್ಪಿಹೋದ ಮಗನ ಕಥೆ ಎಂದೇ ಕರೆಯುತ್ತೇವೆ. ಕಥೆ ನಿಲ್ಲುವುದು ಮಾತ್ರ ಮನೆಯಲ್ಲೇ ಇದ್ದ ಹಿರಿಮಗನ ಹತ್ತಿರ. ತಪ್ಪಿಹೋದ ತಮ್ಮ ತಿರುಗಿ ಬಂದದ್ದಕ್ಕೆ ಒಳಗೆ ಔತಣ, ಅವನು ಬಾಗಿಲ ಹೊರಗೆ ಮುಖ ಊದಿಸಿಕೊಂಡು ನಿಂತಿದ್ದಾನೆ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಿದ್ದಾನೆ. ಅವನು ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲೇ ಇಲ್ಲ. ಕಿರಿಮಗನ ಮೇಲೆ ನಾನು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಹಿರಿಮಗನ ಮೇಲೆ ಎರಡೋ ಮೂರೋ ಇರಬೇಕು.

ಇಷ್ಟು ಓದಿದ ಮೇಲೆ, "ಇವನು ನಮ್ಮನ್ನು ಜೋರಾಗಿ ಬೈಯಿರಿ ಅನ್ನುತ್ತಿದ್ದಾನೆ" ಎಂದು ನೀವು ಅಂದುಕೊಳ್ಳಬಹುದು. ಹಾಗೆ ಮಾತ್ರ ಅಂದುಕೊಳ್ಳಬೇಡಿ. ಬೈಸಿಕೊಳ್ಳುವುದು ನಮಗೆ ಇಷ್ಟ. ಇದು ಬೆಂಚಿನಲ್ಲಿ ಕೂತವರ ಗುಟ್ಟು. ಪ್ರಸಂಗಿ ಮೇಜು ಗುದ್ದಿ, ಬೆವರು ಒರೆಸಿಕೊಂಡು, ನ್ಯಾಯತೀರ್ಪು, ಬೆಂಕಿ ಎಂದು ಕೂಗಿದ ದಿನ ನಾವು ಹೊರಗೆ ಬಂದು ಏನು ಮಾತಾಡುತ್ತೇವೆ ಗೊತ್ತಾ? "ಇವತ್ತಿನ ಮೆಸೇಜ್ ಸಖತ್ತಾಗಿತ್ತು ಅಲ್ವಾ?" ಅನ್ನುತ್ತೇವೆ. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮಾತು ಬೇರೆ ಕಡೆಗೆ ಹೋಗಿರುತ್ತದೆ. ಯೆಹೆಜ್ಕೇಲನ 33ನೇ ಅಧ್ಯಾಯದ ಕೊನೆಯಲ್ಲಿ ದೇವರು ಪ್ರವಾದಿಗೆ ಇದನ್ನೇ ಹೇಳುತ್ತಾನೆ. ಜನ ಗೋಡೆ ಪಕ್ಕದಲ್ಲಿ, ಮನೆ ಬಾಗಿಲಲ್ಲಿ ನಿಂತು ನಿನ್ನ ಬಗ್ಗೆಯೇ ಮಾತಾಡುತ್ತಾರೆ. "ಬನ್ನಿ, ಏನು ಹೇಳ್ತಾನೋ ಕೇಳೋಣ" ಎಂದು ಬಂದು ಕೂರುತ್ತಾರೆ. ಅವರಿಗೆ ನೀನು ಒಳ್ಳೆ ಕಂಠದ ಹಾಡುಗಾರ. ಕೇಳುತ್ತಾರೆ, ಮಾಡುವುದಿಲ್ಲ. ಪಾಪ, ಯೆಹೆಜ್ಕೇಲ! ಅಂಥ ಕಠಿಣ ಮಾತು ಆಡಿದವನೇ ಸಂಗೀತ ಕಛೇರಿಯಾಗಿ ಹೋದ.

ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಅಂತಾರಲ್ಲ, ಅದು ನಮಗೆ ಸರಿಹೊಂದುವುದಿಲ್ಲ. ಎಮ್ಮೆಗೆ ಮಳೆಯ ಪರಿವೆ ಇಲ್ಲ. ನಮಗೆ ಪರಿವೆ ಇದೆ, ಮಳೆಯ ಗುಣವನ್ನು ಹೊಗಳಲೂ ಬರುತ್ತದೆ. ಒದ್ದೆಯಾಗುವುದಿಲ್ಲ, ಅಷ್ಟೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನಿಮಗೆ ಗೊತ್ತು. ಹೆಗಲು ಮುಟ್ಟಿಕೊಂಡವನಿಗೆ ಇನ್ನೂ ದಾರಿ ಇದೆ, ಅವನ ಒಳಗೆ ಏನೋ ಒಂದು ಎಚ್ಚರವಾಗಿದೆ. ನಾವು ಪಕ್ಕದವನ ಹೆಗಲು ನೋಡುವವರು. "ಈ ಮಾತು ಅವರಿಗೆ ಸರಿಯಾಗಿ ತಾಗ್ತು" ಎಂದು ಒಳಗೊಳಗೇ ಖುಷಿಪಡುವವರು. ಕೆಲವು ಸಲ ನೀವೇ ನಮಗೆ ಆ ಸೌಕರ್ಯ ಮಾಡಿಕೊಡುತ್ತೀರಿ. ಲೋಕ ಕೆಟ್ಟಿದೆ, ಯುವಕರು ದಾರಿ ತಪ್ಪಿದ್ದಾರೆ, ಬೇರೆ ಸಭೆಯವರ ಬೋಧನೆ ಸರಿಯಿಲ್ಲ ಎಂದು ಮುಕ್ಕಾಲು ಗಂಟೆ ಹೇಳುತ್ತೀರಿ. ಕೂತವರಲ್ಲಿ ಒಬ್ಬರೂ ಆ ಪಟ್ಟಿಯಲ್ಲಿ ಇರುವುದಿಲ್ಲ. ಎಲ್ಲರೂ ತಲೆ ಆಡಿಸುತ್ತೇವೆ. ಅಂಥ ಪ್ರಸಂಗ ಕೇಳಿದ ಮಧ್ಯಾಹ್ನ ಬರುವಷ್ಟು ಒಳ್ಳೆಯ ನಿದ್ದೆ ಇನ್ಯಾವತ್ತೂ ಬರುವುದಿಲ್ಲ.

ಪ್ರವಾದಿ ನಾತಾನ ಹಾಗೆ ಮಾಡಲಿಲ್ಲ. 2 ಸಮುವೇಲ 12 ನೋಡಿ. ಅರಸ ದಾವೀದ ತನ್ನ ಸಿಪಾಯಿ ಊರೀಯನ ಹೆಂಡತಿ ಬತ್ಷೆಬೆಯನ್ನು ಕೂಡಿ, ಅದನ್ನು ಮುಚ್ಚಲು ಊರೀಯನನ್ನು ಕೊಲ್ಲಿಸಿದ್ದ. ಆ ಹೊತ್ತಿಗೆ ಊರೀಯ ಸತ್ತು, ಬತ್ಷೆಬೆ ಅರಮನೆಗೆ ಬಂದು, ಮಗುವೂ ಹುಟ್ಟಿಯಾಗಿತ್ತು. ಅಂದರೆ ತಿಂಗಳುಗಟ್ಟಲೆ ದಾವೀದ ಅರಸನ ಕೆಲಸ ಮಾಡಿಕೊಂಡೇ ಇದ್ದ. ನ್ಯಾಯ ಕೇಳಲು ಬಂದವರಿಗೆ ನ್ಯಾಯ ಕೊಡುತ್ತಲೂ ಇದ್ದಿರಬೇಕು. ಬಡವನಿಗಿದ್ದ ಒಂದೇ ಕುರಿಮರಿಯನ್ನು ಸಿರಿವಂತನೊಬ್ಬ ಕಿತ್ತುಕೊಂಡ ಕಥೆಯನ್ನು ನಾತಾನ ಹೇಳಿದ. ಬೇರೆಯವನ ತಪ್ಪು ಕೇಳಿ ದಾವೀದನಿಗೆ ಎಂಥ ಸಿಟ್ಟು! ಸಾಯಬೇಕು ಅವನು, ನಾಲ್ಕರಷ್ಟು ತಿರುಗಿ ಕೊಡಬೇಕು ಎಂದು ಎಗರಾಡಿದ. ಮೂರನೇ ಬೆಂಚಿನ ಜೋರಾದ ಆಮೆನ್ ಅಂದರೆ ಅದೇ. ಆಗ ನಾತಾನ ಹೇಳಿದ ಮಾತು ಹೀಬ್ರೂ ಭಾಷೆಯಲ್ಲಿ ಎರಡೇ ಪದ. ಆ ಮನುಷ್ಯ ನೀನೇ. ಕಥೆ ಅಲ್ಲಿಗೇ ನಿಲ್ಲಿಸಿ ಪ್ರಾರ್ಥನೆ ಮಾಡಿ ಕಳಿಸಿದ್ದರೆ, "ನಾತಾನ ಎಂಥ ಉದಾಹರಣೆ ಕೊಟ್ಟ!" ಎಂದು ದಾವೀದ ಹೊಗಳುತ್ತಿದ್ದ. ನಮ್ಮ ಅರ್ಧಕ್ಕರ್ಧ ಪ್ರಸಂಗಗಳು ಕುರಿಮರಿ ಹತ್ತಿರವೇ ಮುಗಿಯುತ್ತವೆ.

ಈಗ ನನ್ನ ಕುರಿಮರಿಯ ವಿಷಯ ಹೇಳಬೇಕು. ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ನನ್ನ ಹತ್ತಿರ ಆರು ವರ್ಷ ಕೆಲಸ ಮಾಡಿದವನೊಬ್ಬ ಇದ್ದ. ಕೆಲಸ ಬಿಡುವಾಗ ಮಾತಿಗೆ ಮಾತು ಬೆಳೆಯಿತು. ಕೊನೆಯ ಮೂರು ತಿಂಗಳ ಸಂಬಳ ನಾನು ಕೊಡಲಿಲ್ಲ. ಅವನಿಂದ ನನಗೆ ಇಷ್ಟು ನಷ್ಟವಾಗಿದೆ, ಅದಕ್ಕೆ ಇದು ಸರಿಹೋಯಿತು ಎಂದು ಒಂದು ಲೆಕ್ಕ ಬರೆದುಕೊಂಡೆ. ಆ ಲೆಕ್ಕ ಸುಳ್ಳು ಎಂದು ಬರೆಯುವಾಗಲೇ ಗೊತ್ತಿತ್ತು. ಅವನು ಎರಡು ಸಲ ಬಂದು ಕೇಳಿದ. ಮೂರನೇ ಸಲ ಬರಲಿಲ್ಲ. ಬರದೇ ಇದ್ದದ್ದು ನನಗೆ ದೇವರ ಸಹಾಯದ ಹಾಗೆ ಕಂಡಿತು ಎಂದರೆ ನೀವು ನಂಬಬೇಕು.

ಅದಾಗಿ ಕೆಲವು ತಿಂಗಳಿಗೆ ನಮ್ಮ ಸಭಾಪಾಲಕರು ಬೈಬಲ್ಲಿನ ಯಾಕೋಬನ ಪತ್ರವನ್ನು ವಾರವಾರ ಸಾಲುಸಾಲಾಗಿ ಬೋಧಿಸಲು ಶುರು ಮಾಡಿದ್ದರು. ಮೆತ್ತನೆ ದನಿಯ ಮನುಷ್ಯ. 5ನೇ ಅಧ್ಯಾಯಕ್ಕೆ ಬಂದರು. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ಕೂಗಿಕೊಳ್ಳುತ್ತದೆ ಎನ್ನುವ ನಾಲ್ಕನೇ ವಚನ. ಅದನ್ನು ಓದಿ ಕನ್ನಡಕ ತೆಗೆದಿಟ್ಟು ಹೇಳಿದರು: "ಯಾರದ್ದಾದರೂ ಸಂಬಳ ಹಿಡಿದಿಟ್ಟುಕೊಂಡು ಇಲ್ಲಿ ಕೂತಿದ್ದರೆ ಇವತ್ತು ಕಾಣಿಕೆ ಹಾಕಬೇಡಿ. ಆ ಹಣ ಅವರಿಗೆ ಕೊಡಿ. ಚೀಲ ಬಂದಾಗ ಸುಮ್ನೆ ಪಕ್ಕಕ್ಕೆ ದಾಟಿಸಿ, ಯಾರೂ ತಪ್ಪು ತಿಳಿಯೋದಿಲ್ಲ."

ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ. ಆದರೂ ನನಗೆ ಕಿವಿ ಬಿಸಿಯಾಯಿತು. ಚೀಲ ಬಂತು. ಆ ಕೆಂಪು ಬಟ್ಟೆಯ ಚೀಲದ ಬಾಯಿ, ಅದರ ಮರದ ಹಿಡಿ, ಪಕ್ಕದವರ ಕೈ ನನ್ನ ಕಡೆ ಚಾಚಿದ್ದು, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ದಾಟಿಸಲಿಲ್ಲ. ಪ್ರತಿವಾರಕ್ಕಿಂತ ಜಾಸ್ತಿಯೇ ಹಾಕಿದೆ.

ಆ ವಾರ ಕಮಿಟಿಯ ಇಬ್ಬರನ್ನು ಕರೆದುಕೊಂಡು ಸಭಾಪಾಲಕರ ಮನೆಗೆ ಹೋದೆ. ಮಾತಾಡಿದವರು ಅವರಿಬ್ಬರು. ಹೊಸಬರು ಬರುತ್ತಿದ್ದಾರೆ ಅಯ್ಯನವರೇ, ಸ್ವಲ್ಪ ಮೆತ್ತಗೆ ಹೇಳಿದರೆ ಒಳ್ಳೆಯದು, ಜನ ವಾರವೆಲ್ಲ ಕಷ್ಟಪಟ್ಟು ಬಂದಿರುತ್ತಾರೆ, ಸಮಾಧಾನದ ಮಾತು ಬೇಕು ಎಂದೆಲ್ಲ ಹೇಳಿದರು. ನಾನು ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದೆ. ಆ ಮಾತುಗಳನ್ನೆಲ್ಲ ಅವರ ಬಾಯಿಗೆ ಹಾಕಿದವನು ನಾನೇ. ಸಭಾಪಾಲಕರು ಕೇಳಿಸಿಕೊಂಡರು, ಪ್ರಾರ್ಥನೆ ಮಾಡಿ ಕಳಿಸಿದರು. ಮುಂದಿನ ಭಾನುವಾರ ಕೀರ್ತನೆಯೊಂದರ ಮೇಲೆ ಪ್ರಸಂಗ ಆಯಿತು. ಚೆನ್ನಾಗಿಯೇ ಇತ್ತು. ಯಾಕೋಬನ ಪತ್ರ ನಮ್ಮ ಸಭೆಯಲ್ಲಿ ಐದನೇ ಅಧ್ಯಾಯದ ನಡುವೆ ನಿಂತುಹೋಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ.

"ಸಮಾಧಾನವಿಲ್ಲದಿರುವಾಗ ಸಮಾಧಾನ, ಸಮಾಧಾನ ಎನ್ನುತ್ತಾರೆ" ಎಂದು ಯೆರೆಮೀಯ ದೂರುವುದನ್ನು ನೀವು ಪ್ರಸಂಗಿಗಳ ಮೇಲಿನ ದೂರು ಎಂದು ಓದುತ್ತೀರಿ. ಆ ಸಮಾಧಾನಕ್ಕೆ ಆರ್ಡರ್ ಕೊಟ್ಟವರು ಬೆಂಚಿನಲ್ಲಿ ಕೂತಿರುತ್ತಾರೆ. ಅದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಅದಾದ ನಾಲ್ಕು ವರ್ಷವೂ ನಾನು ತಪ್ಪದೆ ಕರ್ತನ ಮೇಜಿಗೆ, ಅಂದರೆ ಯೇಸುವಿನ ಮರಣವನ್ನು ನೆನೆಯುವ ಪ್ರಭುಭೋಜನಕ್ಕೆ, ಹೋದೆ. ರೊಟ್ಟಿ ತೆಗೆದುಕೊಂಡೆ, ಪಾತ್ರೆ ತೆಗೆದುಕೊಂಡೆ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎನ್ನುವುದೇ ಭಯಪಡಬೇಕಾದ ವಿಷಯ. ಮೊದಲ ಸಲ ಚುಚ್ಚುತ್ತದೆ, ಐದನೇ ಸಲಕ್ಕೆ ಕೈ ಮರಗಟ್ಟಿರುತ್ತದೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಪ್ರಸಂಗವಲ್ಲ, ಒಂದು ತೊದಲು. ಸಭಾಪಾಲಕರು ಬದಲಾಗಿದ್ದರು. ಒಂದು ಭಾನುವಾರ ವಾಕ್ಯ ಓದಲು ಹನ್ನೆರಡು ಹದಿಮೂರು ವರ್ಷದ ಹುಡುಗಿಯನ್ನು ನಿಲ್ಲಿಸಿದ್ದರು. ಮೊದಲ ಸಲ ಓದುತ್ತಿದ್ದಳೋ ಏನೋ, ಬೆರಳಿಟ್ಟುಕೊಂಡು ಓದುತ್ತಿದ್ದಳು. ಯಾಕೋಬ 5. ನಾಲ್ಕನೇ ವಚನ ಮುಗಿಯುವಾಗ ಬೆರಳು ಜಾರಿ ಸಾಲು ತಪ್ಪಿತು. ಒಂದು ಕ್ಷಣ ನಿಂತಳು. ಆಮೇಲೆ ಅದೇ ವಚನವನ್ನು ಮೊದಲಿನಿಂದ ಓದಿದಳು, ತಪ್ಪು ಮಾಡಿದ ಗಾಬರಿಗೆ ಸ್ವಲ್ಪ ಜೋರಾಗಿ. ಕೂಲಿ ಕೂಗಿಕೊಳ್ಳುತ್ತದೆ. ಎರಡು ಸಲ. ಆ ದಿನದ ಪ್ರಸಂಗ ಯಾವುದರ ಮೇಲಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಹೋದೆ. ವಿಳಾಸ ಹುಡುಕಲು ಎರಡು ವಾರ ಹಿಡಿಯಿತು. ಅವನು ನನ್ನನ್ನು ಒಳಗೆ ಕರೆಯಲಿಲ್ಲ. ಹಣ ತೆಗೆದುಕೊಂಡು ಬಾಗಿಲಲ್ಲೇ ನಿಂತು ಎಣಿಸಿದ. "ಆಗ ಬೇಕಾಗಿತ್ತು ಸರ್" ಅಂದ. ಅಷ್ಟೇ. ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಸಾಕ್ಷಿ ಹೇಳುವಾಗ ಇಂಥ ಕಥೆಗಳು ಸಿಹಿಯಾಗಿ ಮುಗಿಯುತ್ತವೆ, ನನ್ನದು ಹಾಗೆ ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಯೇಸುವನ್ನು ಕಂಡು ಬದಲಾದ ಸುಂಕದವ ಜಕ್ಕಾಯನ ನೆನಪಾಯಿತು. ಅವನು ನಾಲ್ಕರಷ್ಟು ಕೊಡುತ್ತೇನೆ ಎಂದಿದ್ದ. ನಾನು ನಾಲ್ಕು ವರ್ಷ ತಡವಾಗಿ ಬರೀ ಅಸಲು ಕೊಟ್ಟು ಬಂದಿದ್ದೆ. ಇನ್ನೊಂದು ಸಲ ಹೋಗಬೇಕಾಯಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮನ್ನು ಯಾವುದು ಎಬ್ಬಿಸುತ್ತದೆ ಎನ್ನುವುದರ ಬಗ್ಗೆ ನನಗೆ ಒಂದು ಅನಿಸಿಕೆ ಇದೆ. ದನಿಯ ಜೋರು ಎಬ್ಬಿಸುವುದಿಲ್ಲ. ಹೆಸರಿಟ್ಟು ಕರೆಯುವುದು ಎಬ್ಬಿಸುತ್ತದೆ. ನನ್ನ ಹೆಸರನ್ನಲ್ಲ, ನನ್ನ ಪಾಪದ ಹೆಸರನ್ನು. "ನಾವೆಲ್ಲರೂ ಪಾಪಿಗಳು" ಅಂದರೆ ನನಗೆ ಹಾಯಾಗಿರುತ್ತದೆ. ಎಲ್ಲರೂ ಅಂದರೆ ಯಾರೂ ಅಲ್ಲ. "ಸಂಬಳ ಹಿಡಿದಿಟ್ಟುಕೊಂಡವರು" ಅಂದಾಗ ಕಿವಿ ಬಿಸಿಯಾಗುತ್ತದೆ.

ಸ್ನಾನಿಕನಾದ ಯೋಹಾನನನ್ನು ಸಿಡುಕಿನ ಪ್ರವಾದಿ ಎಂದು ಚಿತ್ರಿಸುತ್ತಾರೆ. ಸರ್ಪಜಾತಿಯವರೇ ಎಂದು ಕೂಗಿದ್ದೇ ಎಲ್ಲರ ನೆನಪಿನಲ್ಲಿ ಉಳಿದಿದೆ. ಅಬ್ರಹಾಮನು ನಮ್ಮ ಮೂಲಪುರುಷ ಎಂದುಕೊಂಡು ನೆಮ್ಮದಿಯಾಗಿರಬೇಡಿ, ಈ ಕಲ್ಲುಗಳಿಂದಲೂ ದೇವರು ಅಬ್ರಹಾಮನಿಗೆ ಮಕ್ಕಳನ್ನು ಹುಟ್ಟಿಸಬಲ್ಲ ಎಂದದ್ದೂ ನೆನಪಿರುತ್ತದೆ. ಆದರೆ ಲೂಕನ 3ನೇ ಅಧ್ಯಾಯದಲ್ಲಿ ಅದರ ಮುಂದಿನ ಭಾಗ ಓದಿ. ಜನ "ಹಾಗಾದರೆ ನಾವೇನು ಮಾಡಬೇಕು?" ಎಂದು ಕೇಳಿದಾಗ ಅವನು ಇನ್ನೊಂದು ಗುಡುಗು ಹಾಕಲಿಲ್ಲ. ಎರಡು ಅಂಗಿ ಇದ್ದವನು ಒಂದು ಕೊಡಲಿ ಅಂದ. ಸುಂಕದವರು ಕೇಳಿದರು, ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳು ಕೇಳಿದರು, ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅಂದ. ಒಬ್ಬೊಬ್ಬರ ಕಸುಬಿಗೆ ತಕ್ಕ ಉತ್ತರ. ಸಂಜೆಯೊಳಗೆ ಮಾಡಬಹುದಾದ ಕೆಲಸ. ಯಾರಿಗೂ ಕೆಲಸ ಬಿಟ್ಟು ಕಾಡಿಗೆ ಬಾ ಎಂದು ಹೇಳಲಿಲ್ಲ ನೋಡಿ.

ಅಲ್ಲಿಗೆ ಬಂದಿದ್ದವರು ಆ ಪ್ರಶ್ನೆ ಕೇಳಿದರು. ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನ ಯೇಸುವಿನ ಶಿಷ್ಯ ಪೇತ್ರನ ಮಾತು ಕೇಳಿದವರೂ ಅಲಗು ನೆಟ್ಟ ಹಾಗಾಗಿ ಅದನ್ನೇ ಕೇಳಿದರು. ನಾವು ಕೇಳುವುದಿಲ್ಲ. ಒಂದು ಕಾರಣ, ಕೇಳುವಷ್ಟು ಹೊತ್ತು ನೀವು ಕೊಡುವುದಿಲ್ಲ. ಪ್ರಸಂಗ ಮುಗಿದು ಮೂರು ಸೆಕೆಂಡಿಗೆ ಕೀಬೋರ್ಡ್ ಶುರುವಾಗುತ್ತದೆ. ಆಮೇಲೆ ಪ್ರಕಟಣೆಗಳು. ಎದೆಯಲ್ಲಿ ಏನಾದರೂ ನೆಟ್ಟಿದ್ದರೂ ಪ್ರಕಟಣೆ ಮುಗಿಯುವಷ್ಟರಲ್ಲಿ ಅದು ಉದುರಿಹೋಗಿರುತ್ತದೆ. ದಯವಿಟ್ಟು ಎರಡು ನಿಮಿಷ ಸುಮ್ಮನಿರಲು ಬಿಡಿ. ಕೆಮ್ಮು ಕೇಳಿಸಲಿ, ಫ್ಯಾನ್ ಸದ್ದು ಕೇಳಿಸಲಿ. ನಮಗೆ ಕಸಿವಿಸಿಯಾಗಲಿ.

ಅಮೆರಿಕದಲ್ಲಿ ಉಜ್ಜೀವನದ, ಅಂದರೆ ಸಭೆಗಳು ಎಚ್ಚೆತ್ತ ಕಾಲದ ಒಂದು ಪ್ರಸಂಗವನ್ನು ನೀವು ಉದಾಹರಣೆಯಾಗಿ ಆಗಾಗ ಹೇಳುತ್ತೀರಿ. 1741ರ ಜುಲೈ 8, ಎನ್‌ಫೀಲ್ಡ್ ಎಂಬ ಊರು, ಜೊನಾಥನ್ ಎಡ್ವರ್ಡ್ಸ್. ಅಲ್ಲಿದ್ದ ಒಬ್ಬ ಸಭಾಪಾಲಕರು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ರಕ್ಷಣೆ ಹೊಂದಲು ನಾನೇನು ಮಾಡಬೇಕು ಎಂದು ಇಡೀ ಸಭೆ ಗೋಳಾಡಿತು, ಪ್ರಸಂಗಿ ಮಾತು ನಿಲ್ಲಿಸಬೇಕಾಯಿತು. ಇದನ್ನು ಹೇಳುವಾಗ ನೀವು ದನಿ ಏರಿಸುತ್ತೀರಿ. ಎಡ್ವರ್ಡ್ಸ್ ದನಿ ಏರಿಸುವವರಲ್ಲ, ಬರೆದುಕೊಂಡು ಬಂದು ಹೇಳುವವರು. ಅದೇ ಪ್ರಸಂಗವನ್ನು ಸ್ವಲ್ಪ ದಿನದ ಹಿಂದೆ ನಾರ್ಥಾಂಪ್ಟನ್‌ನ ತಮ್ಮ ಸಭೆಯಲ್ಲೇ ಮಾಡಿದ್ದರು. ಅಲ್ಲಿ ಅಂಥದ್ದೇನೂ ನಡೆದ ದಾಖಲೆ ಇಲ್ಲ. ಅದೇ ಮಾತು, ಅದೇ ದನಿ. ಆದ್ದರಿಂದ ತಂತ್ರ ಹುಡುಕುವುದು ದಂಡ. ಗಾಳಿ ತನಗೆ ಬೇಕಾದಲ್ಲಿ ಬೀಸುತ್ತದೆ. ಹಾಯಿ ಎತ್ತುವುದಷ್ಟೇ ನಿಮ್ಮ ಕೆಲಸ.

ಆ ಕಥೆಯ ಇನ್ನೆರಡು ಸಂಗತಿ ನೀವು ಹೇಳುವುದು ಕಡಿಮೆ. 1750ರಲ್ಲಿ ನಾರ್ಥಾಂಪ್ಟನ್ ಸಭೆ ಎಡ್ವರ್ಡ್ಸ್ ಅವರನ್ನು ಕೆಲಸದಿಂದ ತೆಗೆಯಿತು. ನಂಬಿಕೆಯ ಗುರುತು ಕಾಣದವರನ್ನು ಕರ್ತನ ಮೇಜಿಗೆ ಸೇರಿಸುವುದಿಲ್ಲ ಎಂದದ್ದು ಕಾರಣ. ಎಚ್ಚೆತ್ತ ಸಭೆಯೂ ಕೆಲವೇ ವರ್ಷಗಳಲ್ಲಿ ಮತ್ತೆ ಮಲಗಬಹುದು, ಎಬ್ಬಿಸಲು ಬಂದವನನ್ನು ಹೊರಗೆ ಹಾಕಬಹುದು. ಇನ್ನೊಂದು ಸಂಗತಿ ಎಡ್ವರ್ಡ್ಸ್ ಅವರದ್ದೇ. 1731ರಲ್ಲಿ ಅವರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಗುಲಾಮಳಾಗಿ ದುಡ್ಡು ಕೊಟ್ಟು ಕೊಂಡರು. ಆ ಖರೀದಿಯ ಪತ್ರ ಉಳಿದಿದೆ. ಮುಂದೆಯೂ ಅವರ ಮನೆಯಲ್ಲಿ ಗುಲಾಮರಿದ್ದರು. ಯಾಕೋಬ 5:4 ಅವರ ಬೈಬಲ್ಲಿನಲ್ಲೂ ಇತ್ತು. ಇದನ್ನು ಅವರನ್ನು ಸಣ್ಣದು ಮಾಡಲು ಹೇಳುತ್ತಿಲ್ಲ. ಊರಿಗೆಲ್ಲ ಗಂಟೆ ಬಾರಿಸಿದವನ ಮನೆಯಲ್ಲೇ ಒಂದು ಕೋಣೆಯ ಬಾಗಿಲು ಮುಚ್ಚಿರಬಹುದು. ನನಗೂ ಇಂಥ ಕೋಣೆ ಇತ್ತು. ನಿಮಗೆ ಇಲ್ಲ ಎಂದು ಹೇಗೆ ಹೇಳುತ್ತೀರಿ?

ನಾನು ಆಗ ಬಾಯಿ ಮುಚ್ಚಿಸಿದ ಆ ಸಭಾಪಾಲಕರಿಗೆ ಕಳೆದ ವರ್ಷ ಫೋನ್ ಮಾಡಿದೆ. ಈಗ ನಿವೃತ್ತರು. ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಫೋನ್ ಕಟ್ ಆಯಿತೇನೋ ಎಂದು "ಹಲೋ" ಅಂದೆ. "ಇದ್ದೀನಿ" ಅಂದರು. ಆಮೇಲೆ ಹೇಳಿದರು: "ನೀವು ಮೂವರು ಎದ್ದು ಹೋದಮೇಲೆ ನನಗೆ ಬೇಜಾರಾಗಲಿಲ್ಲ. ಹಗುರಾಯ್ತು. ಮುಂದಿನ ವಾರ ಆಣೆ ಇಡಬೇಡಿ, ಹೌದು ಅಂದರೆ ಹೌದು ಆಗಿರಲಿ ಅನ್ನೋ ಭಾಗ ಬರ್ತಿತ್ತು. ಆ ಹೊತ್ತಿಗೆ ನಾನೇ ಮನೆಯವರ ಹತ್ತಿರ ಒಂದು ದೊಡ್ಡ ಸುಳ್ಳು ಹೇಳಿ ಮುಚ್ಚಿಟ್ಟಿದ್ದೆ. ನೀವು ಬಂದದ್ದು ಒಳ್ಳೆ ನೆಪ ಆಯ್ತು."

ಹೀಗೆ ನಾವಿಬ್ಬರೂ ಸೇರಿಯೇ ಒಂದು ಪತ್ರವನ್ನು ಅರ್ಧಕ್ಕೆ ನಿಲ್ಲಿಸಿದ್ದೆವು. ಒಬ್ಬರಿಗೊಬ್ಬರು ಗೊತ್ತಿಲ್ಲದೆ.

1907ರ ಜನವರಿಯಲ್ಲಿ ಕೊರಿಯಾದ ಪ್ಯೊಂಗ್‌ಯಾಂಗ್‌ನಲ್ಲಿ ಶುರುವಾದ ಉಜ್ಜೀವನದ ಬಗ್ಗೆ ಓದುವಾಗ ನನಗೆ ಅದಕ್ಕೇ ಗಂಟಲು ಕಟ್ಟುತ್ತದೆ. ಸಭೆಯ ಹಿರಿಯರಾಗಿದ್ದ ಗಿಲ್ ಸನ್‌ಜೂ ಎಲ್ಲರ ಮುಂದೆ ಎದ್ದು ನಿಂತರು. ಸಾಯುತ್ತಿದ್ದ ಸ್ನೇಹಿತ ಆಸ್ತಿ ನೋಡಿಕೋ ಎಂದು ಒಪ್ಪಿಸಿದಾಗ ಅದರಲ್ಲಿ ಹಣ ತೆಗೆದಿಟ್ಟುಕೊಂಡೆ, ಆ ಹಣವನ್ನು ಅವನ ಹೆಂಡತಿಗೆ ತಿರುಗಿ ಕೊಡುತ್ತೇನೆ ಎಂದು ಒಪ್ಪಿಕೊಂಡರು. ಮುಂದೆ ನಿಂತವರೇ ಬಾಗಿದ ಮೇಲೆ ಹಿಂದೆ ಕೂತವರು ತಡೆಯಲಾಗಲಿಲ್ಲ. ನೀವು ಎಲ್ಲವನ್ನೂ ಮೈಕಿನಲ್ಲಿ ಹೇಳಿ ಎಂದು ನಾನು ಕೇಳುತ್ತಿಲ್ಲ. ಕೆಲವು ವಿಷಯ ನೊಂದವರ ಮುಂದೆ ಮಾತ್ರ ಹೇಳಬೇಕು, ಸಭೆಯಲ್ಲಿ ಹೇಳಿದರೆ ಅವರಿಗೇ ಎರಡನೇ ಸಲ ನೋವು. ಆದರೆ ನೀವು ಆ ವಾಕ್ಯದ ಕೆಳಗೆ ನಿಂತು ಮಾತಾಡುತ್ತಿದ್ದೀರೋ, ಅದರ ಮೇಲೆ ನಿಂತೋ, ನಮಗೆ ಗೊತ್ತಾಗುತ್ತದೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಬೇಡಿ. ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಕಠಿಣವಾಗಿ ಬೋಧಿಸುತ್ತೇವೆ ಎನ್ನುವವರಲ್ಲಿ ಕೆಲವರು ಹೊಡೆಯುವುದು ಬಿದ್ದವರನ್ನೇ. ಗಂಡ ಬಿಟ್ಟುಹೋದವಳನ್ನು, ಪರೀಕ್ಷೆಯಲ್ಲಿ ಫೇಲಾದ ಹುಡುಗನನ್ನು, ಖಿನ್ನತೆಯಿಂದ ಏಳಲಾಗದವರನ್ನು "ನಿಮ್ಮ ನಂಬಿಕೆ ಸಾಲದು" ಎಂದು ಇನ್ನಷ್ಟು ಅದುಮುತ್ತಾರೆ. ಇನ್ನು ಕೆಲವರು ಕಮಿಟಿಯಲ್ಲಿ ತಮಗೆ ಎದುರು ಮಾತಾಡಿದವನಿಗೆ ಭಾನುವಾರ ಪುಲ್ಪಿಟ್‌ನಿಂದ ಉತ್ತರ ಕೊಡುತ್ತಾರೆ. ಇದನ್ನು ಎಬ್ಬಿಸುವುದು ಅನ್ನುವುದಿಲ್ಲ. ನಾತಾನ ಹೋದದ್ದು ಅರಸನ ಹತ್ತಿರ, ಪ್ರಾಣ ಕೈಯಲ್ಲಿ ಹಿಡಿದುಕೊಂಡು. ಬತ್ಷೆಬೆಯ ಮನೆಗೆ ಹೋಗಿ ಕೂಗಾಡಲಿಲ್ಲ. ಜಜ್ಜಿದ ದಂಟನ್ನು ಮುರಿಯದ ಯೇಸುವಿನ ಸೇವಕರು ನೀವು. ಒಂದೇ ಸಭೆಯಲ್ಲಿ ಮಲಗಿದವರೂ ಇರುತ್ತಾರೆ, ಏಟು ತಿಂದು ಬಿದ್ದವರೂ ಇರುತ್ತಾರೆ. ದೂರದಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಹತ್ತಿರ ಬಂದು ನೋಡಿ.

ಹಾಗೆಯೇ ಕಣ್ಣೀರನ್ನು ಎಣಿಸಬೇಡಿ. ನಾನು ಎಷ್ಟೋ ಸಲ ಅತ್ತಿದ್ದೇನೆ. ಸಂಬಳ ಹಿಡಿದಿಟ್ಟುಕೊಂಡ ಆ ನಾಲ್ಕು ವರ್ಷದಲ್ಲೂ ಹಾಡಿನ ನಡುವೆ ಕಣ್ಣು ಒರೆಸಿಕೊಂಡಿದ್ದೇನೆ. ಹಳೆಯ ಒಡಂಬಡಿಕೆಯಲ್ಲಿ ಮಾನಸಾಂತರಕ್ಕೆ ಬಳಸುವ ಹೀಬ್ರೂ ಪದಕ್ಕೆ ತಿರುಗು, ಹಿಂದಿರುಗು ಎಂದಷ್ಟೇ ಅರ್ಥ. ಕಾಲಿನ ಪದ ಅದು. ನನಗೆ ಅದು ಒಂದು ಅಪರಿಚಿತ ಬೀದಿಯಲ್ಲಿ ವಿಳಾಸ ಕೇಳಿಕೊಂಡು ನಡೆಯುವುದಾಗಿತ್ತು.

ಪ್ರಕಟನೆ ಪುಸ್ತಕದಲ್ಲಿ ಯೇಸು ಲವೊದಿಕೀಯ ಎಂಬ ಊರಿನ ಸಭೆಗೆ ಬರೆಸಿದ ಪತ್ರವನ್ನು ನೀವು ಬಲ್ಲಿರಿ. ಹತ್ತಿರದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಲವೊದಿಕೀಯಕ್ಕೆ ನೀರು ದೂರದಿಂದ ಕೊಳವೆಯಲ್ಲಿ ಬರಬೇಕಿತ್ತು. ಆ ಕೊಳವೆಗಳ ಒಳಗೆ ದಪ್ಪಗೆ ಕಟ್ಟಿದ ಸುಣ್ಣವನ್ನು ಈಗಲೂ ಟರ್ಕಿಯ ಆ ಹಾಳೂರಿನಲ್ಲಿ ನೋಡಬಹುದು. ಉಗುರುಬೆಚ್ಚಗಿದ್ದೀ, ಕಾರಿಬಿಡುತ್ತೇನೆ ಎಂಬ ಮಾತು ಅಲ್ಲಿಯವರಿಗೆ ಬಾಯಲ್ಲೇ ರುಚಿ ಗೊತ್ತಿದ್ದ ಮಾತಾಗಿರಬೇಕು. ಕ್ರಿ.ಶ. 60ರ ಸುಮಾರಿಗೆ ಭೂಕಂಪವಾಗಿ ಊರು ಬಿದ್ದಾಗ ರೋಮ್‌ನ ಸಹಾಯವಿಲ್ಲದೆ ತಮ್ಮ ದುಡ್ಡಲ್ಲೇ ಎದ್ದು ನಿಂತರು ಎಂದು ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. "ನಮಗೇನೂ ಕೊರತೆಯಿಲ್ಲ" ಎಂದು ಹೇಳಿಕೊಳ್ಳಲು ಅವರಿಗೆ ಕಾರಣವಿತ್ತು. ನಮಗೂ ಕಾರಣಗಳಿವೆ. ಹೊಸ ಕಟ್ಟಡ, ಒಳ್ಳೆ ಸೌಂಡ್ ಸಿಸ್ಟಮ್, ತುಂಬಿದ ಬೆಂಚುಗಳು.

"ಇಗೋ, ಬಾಗಿಲಲ್ಲಿ ನಿಂತು ತಟ್ಟುತ್ತಾ ಇದ್ದೇನೆ" ಎನ್ನುವ ಮಾತು ಇರುವುದು ಈ ಪತ್ರದಲ್ಲೇ. ನಾವು ಅದನ್ನು ಹೊರಗಿನವರನ್ನು ಕರೆಯಲು ಬಳಸುತ್ತೇವೆ. ಯೇಸು ಅದನ್ನು ಹೇಳಿದ್ದು ಸಭೆಗೆ. ಒಳಗೆ ಆರಾಧನೆ ನಡೆಯುತ್ತಿದೆ, ಆತ ಹೊರಗೆ ನಿಂತಿದ್ದಾನೆ. ಆದರೂ ನೋಡಿ, ಬಾಗಿಲು ಮುರಿಯುತ್ತೇನೆ ಅನ್ನಲಿಲ್ಲ. ತೆರೆದರೆ ಒಳಗೆ ಬಂದು ಜೊತೆಗೆ ಕೂತು ಊಟ ಮಾಡುತ್ತೇನೆ ಅಂದ. ಕಾರಿಬಿಡುತ್ತೇನೆ ಎಂದವನೇ ಊಟಕ್ಕೂ ಬರುತ್ತೇನೆ ಅನ್ನುತ್ತಾನೆ. ನೀವು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಮೊದಲನೆಯದು ಮಾತ್ರ ಹೇಳಿದರೆ ನಾವು ಹೆದರಿ ಅವಿತುಕೊಳ್ಳುತ್ತೇವೆ. ಎರಡನೆಯದು ಮಾತ್ರ ಹೇಳಿದರೆ ಮಗ್ಗುಲು ಬದಲಿಸಿ ಮಲಗುತ್ತೇವೆ.

ಹೀಗೆ ಬೋಧಿಸಿದರೆ ನಿಮಗೆ ನಷ್ಟವಾಗಬಹುದು. 1744ರ ಆಗಸ್ಟ್ 24ರಂದು ಮೆಥಡಿಸ್ಟ್ ಚಳುವಳಿಯ ಜಾನ್ ವೆಸ್ಲಿ ಆಕ್ಸ್‌ಫರ್ಡ್‌ನ ಸೇಂಟ್ ಮೇರಿ ಚರ್ಚಿನಲ್ಲಿ, ತಮ್ಮದೇ ವಿಶ್ವವಿದ್ಯಾಲಯದವರ ಮುಂದೆ ನಿಂತು, ಇದು ಕ್ರೈಸ್ತ ಊರೇ, ಇಲ್ಲಿ ಬೈಬಲ್ಲಿನ ಕ್ರೈಸ್ತತ್ವ ಇದೆಯೇ ಎಂದು ನೇರವಾಗಿ ಕೇಳಿದರು. ಮುಂದೆಂದೂ ಅವರಿಗೆ ಆ ಪುಲ್ಪಿಟ್ ಸಿಗಲಿಲ್ಲ. ನಿಮಗೆ ಹಾಗೆ ಆಗದೇ ಇರಲಿ. ಆದರೆ ಯಾರಾದರೂ ನಿಮ್ಮ ಮನೆಗೆ ಬಂದೇ ಬರುತ್ತಾರೆ. ಬುಧವಾರವೋ ಗುರುವಾರವೋ, ಸಂಜೆ ಹೊತ್ತು, ಮೂವರು. ಚಪ್ಪಲಿ ಹೊರಗೆ ಬಿಟ್ಟು, ನಗುನಗುತ್ತಾ. ಹೊಸಬರು ಬರುತ್ತಿದ್ದಾರೆ ಅಯ್ಯನವರೇ ಎಂದು ಶುರು ಮಾಡುತ್ತಾರೆ.

ಕೂರಿಸಿ. ಪೂರ್ತಿ ಕೇಳಿಸಿಕೊಳ್ಳಿ. ಜಗಳ ಮಾಡಬೇಡಿ. ಅವರು ಹೊರಡುವಾಗ ಒಬ್ಬನನ್ನು ಮಾತ್ರ, ಸ್ವಲ್ಪ ಹೊತ್ತು ಇದ್ದು ಹೋಗಿ ಎಂದು ತಡೆಯಿರಿ. ಜಾಸ್ತಿ ಮಾತಾಡಿದವನನ್ನಲ್ಲ. ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದವನನ್ನು.

ಇಂತಿ,
ಮೂರನೇ ಬೆಂಚಿನ ಒಬ್ಬ ಸಹೋದರ